ನಿಫಾಡಿನ ವಿಡಿಯೊ, ಅಂಗೈಯ ತೆರೆ

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1842ರಲ್ಲಿ ಜನಿಸಿದ ನಿಫಾಡ್ ಎಂಬ ಊರನ್ನು ಕೇಂದ್ರವಾಗಿ ಉಳ್ಳ, ಲಾಸಲಗಾಂವದ ಪ್ರಸಿದ್ಧವಾದ ಈರುಳ್ಳಿ ಪೇಟೆಯನ್ನೂ ಪಿಂಪಳಗಾಂವ್ ಬಸವಂತದ ದ್ರಾಕ್ಷಿಯ ವ್ಯಾಪಾರವನ್ನೂ ತನ್ನ ಎಲ್ಲೆಯೊಳಗೆ ಇರಿಸಿಕೊಂಡಿರುವ, ಗೋದಾವರಿಯ ನೀರುಂಡು ಪುಷ್ಟವಾದ ಕಪ್ಪು ನೆಲದ ಆ ತಾಲೂಕು, ನಾಶಿಕ ಜಿಲ್ಲೆಯ ಕೃಷಿವೈಭವಕ್ಕೆ ಮುಖ್ಯ ಆಧಾರಗಳಲ್ಲಿ ಒಂದು. ಚಳಿಗಾಲದಲ್ಲಿ ಮಹಾರಾಷ್ಟ್ರದ ಅತ್ಯಂತ ಕಡಮೆ ಉಷ್ಣತೆಯನ್ನು ವರದಿ ಮಾಡುವ ಸ್ಥಳಗಳಲ್ಲಿ ನಿಫಾಡ್ ಆಗಾಗ ಕಾಣಿಸಿಕೊಳ್ಳುವುದುಂಟು. ಅಂಥ ನಸುಕಿನಲ್ಲಿ ಬೆಳೆಗಾರರು ಬಳ್ಳಿಯ ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆಯೆಬ್ಬಿಸಿ ಹಣ್ಣನ್ನು ಕಾಪಾಡಿಕೊಳ್ಳುತ್ತಾರೆ. ದ್ರಾಕ್ಷಿಯ ಕೃಷಿಯಲ್ಲಿ ಇಷ್ಟು ಪರಿಣತಿ ಸಂಚಿತವಾಗಿರುವ ಸೀಮೆಗೆ, ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳ ಕಡೆಯ ಬೆಳೆಗಾರರೂ, ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗ ರೈತರೂ ನೋಡಿ ಕಲಿಯಲೆಂದು ಹೋಗಿಬರುವುದು ಸಹಜವೇ ಆಗಿದೆ. ಹಿಂದೆ ಹೀಗೆ ಹೋದವರು ಕಂಡದ್ದನ್ನು ಬಾಯಿಮಾತಿನಲ್ಲಿ ಹೇಳುತ್ತಿದ್ದರು. ಈಗ ಜೇಬಿನೊಳಗಿನ ಫೋನಿನಲ್ಲಿ ವಿಡಿಯೊ ಆಗಿ ತರುತ್ತಾರೆ. ಆದರೆ ಹಾಗೆ ತಂದ ವಿಡಿಯೊ, ಯಾರು ಅದನ್ನು ನೋಡಬೇಕಾಗಿದೆಯೋ ಅವರ ಕೈಯಲ್ಲಿರುವ ಸಾಧನದಲ್ಲಿ ಓಡುವುದಿಲ್ಲ ಎಂಬ ತೊಡಕು ಎಷ್ಟೋ ತೋಟಗಳಲ್ಲಿ ಎದುರಾಗುತ್ತಿರುವುದರಿಂದ, ಅದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ಸಾವಕಾಶವಾಗಿ ವಿವರಿಸಬೇಕೆಂದು ನನ್ನ ಉದ್ದೇಶ.

ನನ್ನ ಪರಿಚಿತರಾದ ಬೆಳೆಗಾರರೊಬ್ಬರು ನಿಫಾಡ್ ತಾಲೂಕಿನ ತೋಟವೊಂದರಲ್ಲಿ ಅಕ್ಟೋಬರ್ ಚಾಟ್ನಿಯನ್ನು, ಅಂದರೆ ಫಲಕ್ಕಾಗಿ ಮಾಡುವ ಕತ್ತರಿ ಕೆಲಸವನ್ನು, ಹತ್ತು ನಿಮಿಷಗಳಷ್ಟು ಚಿತ್ರಿಸಿ ತಂದಿದ್ದರು. ನಮ್ಮ ಸೀಮೆಯ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಬಾರಿ ಕತ್ತರಿ ಬೀಳುತ್ತದೆ. ಏಪ್ರಿಲಿನ ಚಾಟ್ನಿಯಲ್ಲಿ ಕಡ್ಡಿಯನ್ನು ಬುಡದ ಒಂದೆರಡು ಕಣ್ಣುಗಳವರೆಗೆ, ಅಂದರೆ ಚಿಗುರೊಡೆಯುವ ಮೊಗ್ಗುಗಳವರೆಗೆ, ಮೊಟಕುಮಾಡಿ ಹೊಸ ಕಡ್ಡಿಗೆ ಅವಕಾಶ ಮಾಡಿಕೊಡುವುದು. ಅಕ್ಟೋಬರಿನಲ್ಲಿ, ಹೀಗೆ ಬೆಳೆದು ಮಾಗಿದ ಕಡ್ಡಿಯಲ್ಲಿ ಗೊಂಚಲು ಹುದುಗಿರುವ ಕಣ್ಣು ಯಾವುದೆಂದು ತಿಳಿದು ಅದರ ಮೇಲುಭಾಗದಲ್ಲಿ ಕತ್ತರಿಸುವುದು. ಒಂದು ಕಣ್ಣು ಹೆಚ್ಚುಕಡಮೆಯಾದರೆ ಆ ಕಡ್ಡಿಯ ವರ್ಷದ ಫಸಲೇ ಹೆಚ್ಚುಕಡಮೆಯಾಗುತ್ತದೆ. ಈ ಕೆಲಸವನ್ನು ಮಾಡುವವರು ತೋಟದ ಯಜಮಾನರಲ್ಲ, ಕೂಲಿಯವರು. ನಿಫಾಡಿನಲ್ಲಿ ಪೇಠ, ಸುರಗಾಣಾ ಮೊದಲಾದ ಆದಿವಾಸಿ ತಾಲೂಕುಗಳಿಂದ ಋತುಮಾನಕ್ಕೆ ಸರಿಯಾಗಿ ಬರುವ ಜನ, ನಮ್ಮಲ್ಲಿ ಊರ ಹೆಣ್ಣುಮಕ್ಕಳೂ ಗಂಡಸರೂ. ಆದುದರಿಂದ ನನ್ನ ಪರಿಚಿತರು ತಮ್ಮ ವಿಡಿಯೊವನ್ನು ಕೂಲಿಯವರ ಕೀಪ್ಯಾಡ್ ಫೋನುಗಳ ಮೆಮರಿ ಕಾರ್ಡಿಗೆ ಹಾಕಿಕೊಟ್ಟರು. ಒಂದರಲ್ಲಿ ಫೈಲಿನ ಹೆಸರೇ ಕಾಣಲಿಲ್ಲ. ಇನ್ನೊಂದರಲ್ಲಿ ಧ್ವನಿ ಕೇಳಿಸಿ ತೆರೆ ಕಪ್ಪಾಗಿಯೇ ಉಳಿಯಿತು. ಮೂರನೆಯದರಲ್ಲಿ, ಈ ಫಾರ್ಮ್ಯಾಟು ನಡೆಯುವುದಿಲ್ಲ ಎಂಬ ಒಂದು ಸಾಲು ಮೂಡಿ ಮಾಯವಾಯಿತು. ಒಂದೇ ಫೈಲು ಮೂರು ಸಾಧನಗಳಲ್ಲಿ ಮೂರು ಬಗೆಯಾಗಿ ವರ್ತಿಸಿದ್ದಕ್ಕೆ ಮೂರು ಬೇರೆ ಬೇರೆ ಕಾರಣಗಳಿದ್ದವು.

ವಿಡಿಯೊ ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4, ಎಂಕೆವಿ, ಎವಿಐ, ಎಂಒವಿ, 3ಜಿಪಿ ಎಂದು ಮುಂತಾಗಿ ಇರುವ ಬಾಲವನ್ನೇ ಜನರು ಫಾರ್ಮ್ಯಾಟ್ ಎಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಅದು ದ್ರಾಕ್ಷಿಯನ್ನು ತುಂಬಿ ಕಳುಹಿಸುವ ಕ್ರೇಟಿನ ಹೆಸರು ಮಾತ್ರ. ಒಳಗಿರುವ ಹಣ್ಣು ಯಾವ ಜಾತಿಯದೆಂಬುದನ್ನು ಕ್ರೇಟು ಹೇಳುವುದಿಲ್ಲ. ಒಳಗೆ ಚಿತ್ರದ ಒಂದು ಪ್ರವಾಹವೂ ಧ್ವನಿಯ ಒಂದು ಪ್ರವಾಹವೂ ಪ್ರತ್ಯೇಕವಾಗಿ ಹುದುಗಿರುತ್ತವೆ, ಮತ್ತು ಅವುಗಳಲ್ಲಿ ಪ್ರತಿಯೊಂದೂ ಒಂದೊಂದು ಕೋಡೆಕ್ಕಿನ ನಿಯಮಕ್ಕನುಸಾರವಾಗಿ ಸಂಕ್ಷೇಪಗೊಂಡಿರುತ್ತದೆ. ಚಿತ್ರಕ್ಕೆ, ಹಳೆಯ ಮೊಬೈಲುಗಳ ಕಾಲದ ಎಚ್.263 ಹಾಗೂ ಎಂಪೆಗ್-4, 2003ರಲ್ಲಿ ಪ್ರಮಾಣಿತವಾಗಿ ಇಂದಿಗೂ ಅತ್ಯಂತ ವ್ಯಾಪಕವಾಗಿರುವ ಎಚ್.264, 2013ರ ಎಚ್.265, 2018ರ ಎವಿ1 ಎಂಬ ಕೋಡೆಕ್ಕುಗಳು. ಧ್ವನಿಗೆ ಎಎಸಿ, ಎಂಪಿ3, ಎಎಂಆರ್ ಮುಂತಾದವು. ಹೊಸ ಫೋನು ಚಿತ್ರಿಸುವಾಗ ಸ್ಥಳವನ್ನು ಉಳಿಸುವ ಸಲುವಾಗಿ ಅನೇಕ ವೇಳೆ ಎಚ್.265ನ್ನು ಆಯ್ದುಕೊಳ್ಳುತ್ತದೆ. ಕಪ್ಪುತೆರೆಯ ಫೋನಿಗೆ ಧ್ವನಿಯ ಎಎಸಿ ತಿಳಿದಿತ್ತು, ಚಿತ್ರದ ಎಚ್.265 ತಿಳಿದಿರಲಿಲ್ಲ. ಫೈಲನ್ನೇ ಕಾಣದ ಫೋನು ಎಂಒವಿ ಎಂಬ ಬಾಲವುಳ್ಳ ಯಾವುದನ್ನೂ ವಿಡಿಯೊ ಎಂದು ಎಣಿಸುವುದಿಲ್ಲ. ಮೂರನೆಯದರ ಸಂಗತಿ ಇನ್ನೂ ಸೂಕ್ಷ್ಮವಾದದ್ದು: ಅದಕ್ಕೆಂದು ಎಚ್.264ಕ್ಕೆ ಪರಿವರ್ತಿಸಿದ ಪ್ರತಿಯೂ ಓಡಲಿಲ್ಲ. ಏಕೆಂದರೆ ಒಂದೇ ಕೋಡೆಕ್ಕಿನೊಳಗೆ ಪ್ರೊಫೈಲ್ ಎಂಬ ಅಂತಸ್ತುಗಳಿವೆ. ಬೇಸ್‌ಲೈನ್ ಎಂಬ ಕೆಳ ಅಂತಸ್ತಿನಲ್ಲಿ, ಹಿಂದಿನ ಹಾಗೂ ಮುಂದಿನ ಚೌಕಟ್ಟುಗಳೆರಡನ್ನೂ ನೋಡಿ ನಡುವಿನದನ್ನು ಊಹಿಸುವ ಜಟಿಲವಾದ ಉಪಾಯಗಳು ನಿಷಿದ್ಧ, ಹೈ ಎಂಬ ಮೇಲಂತಸ್ತಿನಲ್ಲಿ ಅವೆಲ್ಲವೂ ವಿಹಿತ. ಸಣ್ಣ ಸಾಧನದಲ್ಲಿ ವಿಡಿಯೊವನ್ನು ಬಿಡಿಸುವ ಕೆಲಸ ಒಂದು ನಿರ್ದಿಷ್ಟ ಚಿಪ್ಪಿನದು. ತಯಾರಿಸುವಾಗ ಅದಕ್ಕೆ ಏನನ್ನು ಕಲಿಸಿದ್ದಾರೋ ಅದಷ್ಟೇ ಅದಕ್ಕೆ ಬರುತ್ತದೆ, ತರುವಾಯ ಕಲಿಸುವುದು ಶಕ್ಯವಿಲ್ಲ.

ಹೀಗಿರುವಾಗ ಮೊದಲು ವಿಚಾರಿಸಬೇಕಾದ ಪ್ರಶ್ನೆ, ಬದಲಾಗಬೇಕಾದದ್ದು ಕ್ರೇಟೋ ಹಣ್ಣೋ ಎಂಬುದು. ಒಳಗಿನ ಪ್ರವಾಹಗಳು ಸಾಧನಕ್ಕೆ ಒಪ್ಪುವಂಥವೇ ಆಗಿದ್ದು ಹೊರಗಿನ ಕ್ರೇಟು, ಅಂದರೆ ಕೋಶ, ಮಾತ್ರ ಒಪ್ಪದಿದ್ದಲ್ಲಿ, ಪ್ರವಾಹಗಳನ್ನು ಇದ್ದಂತೆಯೇ ಎತ್ತಿ ಎಂಪಿ4 ಕೋಶದಲ್ಲಿ ಇರಿಸಿದರೆ ಸಾಕು. ಈ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಚಿತ್ರದ ಒಂದು ಚುಕ್ಕೆಯೂ ಕೆಡುವುದಿಲ್ಲ. ಇಷ್ಟರಿಂದ ತೀರುವ ಕೆಲಸಕ್ಕೆ ಜನರು ತಾಸುಗಟ್ಟಲೆ ಕಂಪ್ಯೂಟರನ್ನು ದುಡಿಸಿ, ಕೊನೆಗೆ ಮೂಲಕ್ಕಿಂತ ಮಬ್ಬಾದ ಪ್ರತಿಯನ್ನು ಪಡೆದು ತೃಪ್ತರಾಗುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕೋಡೆಕ್ಕೇ ಬದಲಾಗಬೇಕಾದಾಗ ಮಾತ್ರ ಪೂರ್ಣ ಪರಿವರ್ತನೆ ಅನಿವಾರ್ಯ, ಮತ್ತು ಅದರಲ್ಲಿ ನಷ್ಟವೂ ಅನಿವಾರ್ಯ. ಆ ನಷ್ಟ ಎಲ್ಲಿ ಆಗುತ್ತದೆಂಬುದನ್ನು ತಿಳಿದವನು ಅದನ್ನು ತನಗೆ ಬೇಡವಾದ ಕಡೆಗೆ ತಿರುಗಿಸಬಲ್ಲನು. ಪರಿವರ್ತನೆಯ ವಿದ್ಯೆಯೆಲ್ಲ ಇದರಲ್ಲಿಯೇ ಅಡಗಿದೆಯೆಂದು ನನ್ನ ಅಭಿಪ್ರಾಯ.

ಸಂಕ್ಷೇಪವೇ ಇಲ್ಲದೆ ವಿಡಿಯೊವನ್ನು ಇಟ್ಟರೆ ಏನಾಗುವುದೆಂದು ಲೆಕ್ಕ ಹಾಕಿ ನೋಡಬಹುದು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಒಂದು ಚೌಕಟ್ಟಿಗೆ, ಚುಕ್ಕೆಯೊಂದಕ್ಕೆ ಮೂರು ಬೈಟಿನಂತೆ 62 ಲಕ್ಷ ಬೈಟಿಗೂ ಮಿಗಿಲಾಗುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳಾದರೆ 155 ಮೆಗಾಬೈಟು. ಎರಡೂವರೆ ತಾಸಿನ ಒಂದು ಚಲಚ್ಚಿತ್ರಕ್ಕೆ ಸುಮಾರು 1,400 ಗಿಗಾಬೈಟು. ಇದನ್ನು ಒಂದು ಗಿಗಾಬೈಟಿನ ಆಸುಪಾಸಿಗೆ ಇಳಿಸಿಯೂ ಕಣ್ಣಿಗೆ ಕೊರತೆಯೆನಿಸದಂತೆ ಮಾಡುವ ಚಮತ್ಕಾರದ ಮೂಲದಲ್ಲಿ ಇರುವುದು ಒಂದು ಗಣಿತಕ್ರಿಯೆ, ಮತ್ತು ಅದನ್ನು ಕೊಟ್ಟವರು ನಮ್ಮ ನಾಡಿನವರೆಂಬುದು ಕನ್ನಡಿಗರಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ! 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಶಾಸ್ತ್ರದ ಪದವಿ ಪಡೆದು, ಅಮೆರಿಕಕ್ಕೆ ಹೋಗಿ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ನಾಸಿರ್ ಅಹ್ಮದ್ ಅವರು, 1972ರಲ್ಲಿ ಈ ವಿಚಾರವನ್ನು ಮುಂದಿಟ್ಟು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯವನ್ನು ಕೇಳಿದರು. ಸಹಾಯ ದೊರೆಯಲಿಲ್ಲ, ಪರಿಶೀಲಕರೊಬ್ಬರಿಗೆ ಇದು ತೀರ ಸರಳವಾಗಿ ತೋರಿತೆಂದು ಅವರು ಆಮೇಲೆ ಸ್ಮರಿಸಿಕೊಂಡಿದ್ದಾರೆ. ಹಾಗಿದ್ದೂ ಬಿಡದೆ, ಶಿಷ್ಯರಾದ ಟಿ. ನಟರಾಜನ್ ಮತ್ತು ಮಿತ್ರರಾದ ಕೆ. ಆರ್. ರಾವ್ ಅವರೊಡನೆ ಕೆಲಸವನ್ನು ಮುಂದುವರಿಸಿ 1974ರ ಜನವರಿಯಲ್ಲಿ ಲೇಖನವನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಕ್ರಿಯೆಯೇ, ಅಥವಾ ಅದರ ಪೂರ್ಣಾಂಕ ರೂಪವೇ, ಇಂದು ಜಗತ್ತಿನ ಫೋಟೊ ಮತ್ತು ವಿಡಿಯೊಗಳ ಬಹುಭಾಗದೊಳಗೆ ದುಡಿಯುತ್ತಿದೆ.

ಅದು ಮಾಡುವುದಿಷ್ಟು. ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಮನೆಗಳಾಗಿ ಹಂಚಿ, ಒಂದೊಂದು ಮನೆಯ 64 ಬೆಳಕಿನ ಅಂಕಿಗಳನ್ನು ಬೇರೆ 64 ಅಂಕಿಗಳನ್ನಾಗಿ ಮಾರ್ಪಡಿಸುತ್ತದೆ. ಹೊಸ ಅಂಕಿಗಳಲ್ಲಿ ಮೊದಲನೆಯದು ಆ ಮನೆಯ ಸರಾಸರಿ ಬೆಳಕನ್ನೂ, ಮುಂದಿನ ಕೆಲವು ನಿಧಾನವಾಗಿ ಏರಿಳಿಯುವ ಛಾಯೆಗಳನ್ನೂ, ಉಳಿದವು ಬರಬರುತ್ತ ಸೂಕ್ಷ್ಮವಾಗುವ ರೇಖೆಗಳನ್ನೂ ಸೂಚಿಸುತ್ತವೆ. ಪ್ರಕೃತಿಯ ದೃಶ್ಯಗಳಲ್ಲಿ ಸಾಮಾನ್ಯವಾಗಿ ಬಲವೆಲ್ಲ ಮೊದಲ ಕೆಲವು ಅಂಕಿಗಳಲ್ಲಿಯೇ ಸಾಂದ್ರವಾಗಿರುತ್ತದೆ. ಇಲ್ಲಿಯವರೆಗೆ ಏನೂ ಕಳೆದಿಲ್ಲವೆಂಬುದನ್ನು ಗಮನಿಸಬೇಕು. ಬೇಕಾದರೆ ಹಿಂತಿರುಗಿಸಿ ಮೊದಲಿನ ಅಂಕಿಗಳನ್ನೇ ಪಡೆಯಬಹುದು. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ, ಸೂಕ್ಷ್ಮಾಂಶದ ಅಂಕಿಗಳನ್ನು ಒರಟಾಗಿ ದುಂಡಗೆ ಮಾಡಿ ಅನೇಕವನ್ನು ಸೊನ್ನೆಗೆ ಇಳಿಸಿದಾಗ. ಪರಿವರ್ತನೆಯ ತಂತ್ರಾಂಶದಲ್ಲಿ ಗುಣಮಟ್ಟ ಎಂಬ ಒಂದು ತಿರುಪು ಇರುತ್ತದೆಯಷ್ಟೆ. ಅದನ್ನು ತಿರುಗಿಸುವುದೆಂದರೆ ಈ ದುಂಡುಮಾಡುವಿಕೆಯ ಒರಟುತನವನ್ನು ಹೆಚ್ಚುಕಡಮೆ ಮಾಡುವುದೇ ಹೊರತು ಬೇರೇನೂ ಅಲ್ಲ.

ಇದರ ಮೇಲೆ ಕಾಲದ ಸಂಕ್ಷೇಪವೊಂದಿದೆ. ಪ್ರತಿಯೊಂದು ಚೌಕಟ್ಟನ್ನೂ ಪೂರ್ಣವಾಗಿ ಬರೆಯದೆ, ಆಗಾಗ ಒಂದನ್ನು ಮಾತ್ರ ಪೂರ್ಣವಾಗಿ ಬರೆದು, ನಡುವಿನವುಗಳಲ್ಲಿ ಯಾವ ಭಾಗ ಎಲ್ಲಿಗೆ ಸರಿಯಿತೆಂಬುದನ್ನಷ್ಟೇ ದಾಖಲಿಸುವುದು ಅದರ ಕ್ರಮ. ಸ್ಥಿರವಾದ ಗೋಡೆಯ ಮುಂದೆ ಕುಳಿತು ಮಾತಾಡುವವನ ವಿಡಿಯೊ ಅತ್ಯಲ್ಪ ಜಾಗದಲ್ಲಿ ಅಡಗುವುದು ಈ ಕಾರಣದಿಂದಲೇ. ದ್ರಾಕ್ಷಿಯ ತೋಟವಾದರೋ ಈ ಉಪಾಯಕ್ಕೆ ಪರಮ ವಿರೋಧಿ. ಗಾಳಿಗೆ ಅಲ್ಲಾಡುವ ಸಾವಿರಾರು ಎಲೆಗಳು, ಅವುಗಳ ಸಂದಿಯಿಂದ ಮಿಣುಕುವ ಬಿಸಿಲು, ಕೈಯಲ್ಲಿ ಹಿಡಿದ ಫೋನಿನ ನಡುಕ ಇವೆಲ್ಲ ಸೇರಿ ಪ್ರತಿ ಚೌಕಟ್ಟನ್ನೂ ಹೊಸದೇ ಆಗಿ ಮಾಡುತ್ತವೆ. ಸೂಕ್ಷ್ಮಾಂಶಗಳೂ ಅಲ್ಲಿ ಮಿತಿಮೀರಿರುತ್ತವೆ. ಕೊಟ್ಟ ಜಾಗ ಸಾಲದೆ ಹೋದಾಗ ಕೋಡೆಕ್ಕು ಎಲ್ಲ ಕಡೆಯಲ್ಲಿಯೂ ಒರಟಾಗಿ ಚಿತ್ರವು ಚೌಕ ಚೌಕವಾಗಿ ಒಡೆಯುತ್ತದೆ, ಮತ್ತು ಆ ಚೌಕಗಳಲ್ಲಿ ಮೊದಲು ಅಳಿಸಿಹೋಗುವುದು ಕಡ್ಡಿಯ ಮೇಲಿನ ಸಣ್ಣ ಕಣ್ಣು, ಯಾವುದನ್ನು ತೋರಿಸುವುದಕ್ಕಾಗಿ ಈ ಪ್ರಯಾಸವೆಲ್ಲವೋ ಅದೇ. ಆದುದರಿಂದ ಪರಿವರ್ತನೆಯ ಕೆಲಸ ಚಿತ್ರಿಸುವಾಗಲೇ ಆರಂಭವಾಗುತ್ತದೆ: ಗಾಳಿಯಿಲ್ಲದ ಬೆಳಗಿನಲ್ಲಿ, ಫೋನನ್ನು ಕಂಬಕ್ಕೋ ಮುಕ್ಕಾಲಿಗೋ ಕಟ್ಟಿ, ಕಡ್ಡಿಯ ಹಿಂದೆ ಒಂದು ಬಿಳಿಯ ಗೋಣಿಚೀಲವನ್ನೋ ಬಟ್ಟೆಯನ್ನೋ ಹಿಡಿಸಿ ಚಿತ್ರಿಸಿದರೆ, ಕಡಮೆ ಜಾಗದಲ್ಲಿಯೇ ಹೆಚ್ಚಿನ ಸ್ಪಷ್ಟತೆ ಲಭಿಸುತ್ತದೆ.

ಚಿತ್ರವನ್ನು ಅದು ಓಡಬೇಕಾದ ಯಂತ್ರಕ್ಕೆ ಹೊಂದಿಸುವ ಚಿಂತೆ ಇಂದಿನದಲ್ಲ. ಈ ನಾಶಿಕ ಸೀಮೆಯಲ್ಲಿಯೇ, ತ್ರ್ಯಂಬಕೇಶ್ವರದಲ್ಲಿ, 1870ರಲ್ಲಿ ಧುಂಡಿರಾಜ ಗೋವಿಂದ ಫಾಳಕೆಯವರು ಹುಟ್ಟಿದರು. ಭಾರತೀಯ ಚಲಚ್ಚಿತ್ರದ ಆ ಆದ್ಯ ಪುರುಷರು 1912ರಲ್ಲಿ ಲಂಡನ್ನಿಗೆ ಹೋಗಿ ತಂದ ಸಾಮಗ್ರಿಗಳಲ್ಲಿ ವಿಲಿಯಂಸನ್ ಕ್ಯಾಮೆರಾದ ಜೊತೆಗೆ ಫಿಲ್ಮಿಗೆ ಅಂಚಿನ ರಂಧ್ರಗಳನ್ನು ಕೊರೆಯುವ ಒಂದು ಯಂತ್ರವೂ ಸೇರಿತ್ತು. ಆಗ ಕಚ್ಚಾ ಫಿಲ್ಮು ರಂಧ್ರವಿಲ್ಲದೆ ಬರುತ್ತಿದ್ದುದರಿಂದ ಅದನ್ನು ಕೊಂಡವರೇ ಕೊರೆದುಕೊಳ್ಳಬೇಕಾಗಿತ್ತು. 35 ಮಿಲಿಮೀಟರಿನ ಅಗಲ, ಚೌಕಟ್ಟಿಗೆ ನಾಲ್ಕು ರಂಧ್ರಗಳ ಅಂತರ ಎಂಬ ಕ್ರಮ 1909ರಲ್ಲಿ ಅಂತರರಾಷ್ಟ್ರೀಯವಾಗಿ ಸ್ವೀಕೃತವಾಗಿದ್ದ ಕಾರಣ, ಅದಕ್ಕನುಗುಣವಾಗಿ ಕೊರೆದ ಸುರುಳಿ ಲೋಕದ ಯಾವ ಪ್ರೊಜೆಕ್ಟರಿನಲ್ಲಿಯೂ ಓಡಬಲ್ಲದಾಗಿತ್ತು. ಹಣ ಹಾಕುವವರಿಗೆ ನಂಬಿಕೆ ಬರಿಸುವ ಸಲುವಾಗಿ ಫಾಳಕೆಯವರು ಮೊದಲು ಚಿತ್ರಿಸಿದ್ದು ಪುರಾಣಕಥೆಯನ್ನಲ್ಲ, ಕುಂಡದಲ್ಲಿ ಬಿತ್ತಿದ ಬಟಾಣಿಯ ಬೀಜ ಮೊಳೆತು ಗಿಡವಾಗುವುದನ್ನು! ಗಿಡದ ಬೆಳವಣಿಗೆಯ ಆ ಚಿತ್ರದ ಬಳಿಕವೇ 1913ರ ರಾಜಾ ಹರಿಶ್ಚಂದ್ರ ಬಂದದ್ದು. ತರುವಾಯ ಅವರು ತಮ್ಮ ಸಂಸ್ಥೆಯನ್ನು ನಾಶಿಕಕ್ಕೆ ಸಾಗಿಸಿ ಅಲ್ಲಿ ಅನೇಕ ಚಿತ್ರಗಳನ್ನು ನಿರ್ಮಿಸಿ, 1944ರಲ್ಲಿ ಅಲ್ಲಿಯೇ ತೀರಿಕೊಂಡರು. ರಾಜಾ ಹರಿಶ್ಚಂದ್ರದ ನಾಲ್ಕು ಸುರುಳಿಗಳಲ್ಲಿ ಮೊದಲನೆಯದೂ ಕೊನೆಯದೂ ಮಾತ್ರ ಪುಣೆಯ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯದಲ್ಲಿ ಉಳಿದಿವೆ. ಅವು ಕೂಡ ಫಾಳಕೆಯವರೇ 1917ರಲ್ಲಿ ಮತ್ತೆ ಮಾಡಿದ ಆವೃತ್ತಿಯವೆಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಬಟಾಣಿಯ ಗಿಡದ ಚಿತ್ರ ಇಂದಿಗೂ ನಮ್ಮ ಕಣ್ಣಿಗೆ ಬೀಳುವಂತಿದ್ದರೆ ಎಂದು ಆಶಿಸದ ಶಿಕ್ಷಕನಾಗಲಿ ರೈತನಾಗಲಿ ಇರಲಾರನು.

ಈಗ ನಿಫಾಡಿನ ಹತ್ತು ನಿಮಿಷಗಳ ವಿಷಯಕ್ಕೆ ಮರಳಿ ಬರೋಣ. ನನ್ನ ಪರಿಚಿತರ ಫೋನು ಅದನ್ನು 3840 ಅಡ್ಡ, 2160 ಉದ್ದದ 4ಕೆ ಗಾತ್ರದಲ್ಲಿ ಚಿತ್ರಿಸಿತ್ತು. ಎಚ್.265ರಲ್ಲಿಯೂ ಅಂಥ ಚಿತ್ರ ನಿಮಿಷಕ್ಕೆ ಸುಮಾರು 170 ಮೆಗಾಬೈಟನ್ನು ನುಂಗುವುದರಿಂದ ಹತ್ತು ನಿಮಿಷಕ್ಕೆ 1,700 ಮೆಗಾಬೈಟಾಯಿತು. ಅದನ್ನು ನೋಡಬೇಕಾಗಿದ್ದ ಕೀಪ್ಯಾಡ್ ಫೋನಿನ ತೆರೆ 2.4 ಇಂಚಿನದು, 320ಕ್ಕೆ 240 ಚುಕ್ಕೆಗಳದು. ಎರಡನ್ನೂ ಗುಣಿಸಿ ನೋಡಿದರೆ ಮೂಲದ ಪ್ರತಿ 108 ಚುಕ್ಕೆಗಳಿಗೆ ಈ ತೆರೆಯಲ್ಲಿ ಒಂದೇ ಒಂದು ಚುಕ್ಕೆಯ ಸ್ಥಳವಿದೆ. ಇಡೀ ದೃಶ್ಯವನ್ನು ಹಾಗೆಯೇ ಕುಗ್ಗಿಸಿದರೆ ಅಗಲ ಹನ್ನೆರಡರಲ್ಲೊಂದು ಪಾಲಾಗಿ, ಮೂಲದಲ್ಲಿ 60 ಚುಕ್ಕೆಗಳಷ್ಟು ಅಗಲವಿದ್ದ ಕಣ್ಣು ಇಲ್ಲಿ ಐದು ಚುಕ್ಕೆಗಳ ಮಸಿಯಾಗುತ್ತದೆ. ಜೊತೆಗೆ ಮೂಲದ ಆಕಾರ ಹದಿನಾರಕ್ಕೆ ಒಂಬತ್ತರದು, ತೆರೆಯ ಆಕಾರ ನಾಲ್ಕಕ್ಕೆ ಮೂರರದು. ಆದುದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿದ್ದು ಇದ್ದ ಪುಟ್ಟ ತೆರೆಯ ಕಾಲು ಭಾಗವೂ ವ್ಯರ್ಥ. ಇಲ್ಲಿ ಮಾಡಬೇಕಾದುದೇನೆಂದರೆ, ಕುಗ್ಗಿಸುವುದಕ್ಕೆ ಮೊದಲು ಕತ್ತರಿಸುವುದು. ಕೈ, ಕತ್ತರಿ, ಕಡ್ಡಿ ಇವು ಮೂರೂ ಒಳಗಾಗುವಂತೆ 1440ಕ್ಕೆ 1080ರ ಒಂದು ಕಿಟಕಿಯನ್ನು ಮೂಲದಲ್ಲಿ ಗುರುತಿಸಿ, ಉಳಿದ ಆಕಾಶವನ್ನೂ ಎಲೆಗಳನ್ನೂ ಹೊರಗಿಟ್ಟು, ಆ ಕಿಟಕಿಯನ್ನು ಮಾತ್ರ 320ಕ್ಕೆ 240ಕ್ಕೆ ಇಳಿಸಿದರೆ, ಅದೇ ಕಣ್ಣು ಹದಿಮೂರು ಚುಕ್ಕೆಗಳಷ್ಟಾಗಿ ಕಾಣಿಸುತ್ತದೆ. ತೆರೆ ಪೂರ್ತಿ ತುಂಬುತ್ತದೆ. ಎಲೆಗಳು ಹೋದುದರಿಂದ ಕೋಡೆಕ್ಕಿನ ಭಾರವೂ ಇಳಿಯುತ್ತದೆ. ಪರಿವರ್ತನೆ ಮಾಡುವವನು ಯಂತ್ರ ಸೂಚಿಸಿದ ಅಳತೆಯನ್ನು ಒಪ್ಪಿ ಸುಮ್ಮನಾಗದೆ ಚಿತ್ರದ ಉದ್ದೇಶವನ್ನು ಚಿಂತಿಸಬೇಕೆಂದು ನಾನು ಇಷ್ಟು ಒತ್ತಿ ಹೇಳುವುದು ಈ ವ್ಯತ್ಯಾಸವನ್ನು ಕಣ್ಣಾರೆ ಕಂಡುದರಿಂದ.

ಫೋನನ್ನು ನೆಟ್ಟಗೆ ಹಿಡಿದು ಚಿತ್ರಿಸಿದಾಗ, ಅನೇಕ ಫೋನುಗಳು ಚಿತ್ರವನ್ನು ಅಡ್ಡಲಾಗಿಯೇ ಬರೆದು, ತೋರಿಸುವಾಗ ತಿರುಗಿಸಿ ತೋರಿಸಿ ಎಂಬ ಒಂದು ಸೂಚನೆಯನ್ನು ಫೈಲಿನಲ್ಲಿ ಇಡುತ್ತವೆ. ಹಳೆಯ ಸಾಧನಗಳು ಆ ಸೂಚನೆಯನ್ನು ಓದುವುದಿಲ್ಲವಾಗಿ ಬಳ್ಳಿ ಮಲಗಿಕೊಂಡು ಕಾಣಿಸುತ್ತದೆ. ಪರಿವರ್ತಿಸುವಾಗಲೇ ಚಿತ್ರವನ್ನು ನಿಜವಾಗಿ ತಿರುಗಿಸಿ ಬರೆಯತಕ್ಕದ್ದು. ಅಂತೆಯೇ ಫೋನಿನ ಕ್ಯಾಮೆರಾ ಬೆಳಕಿಗನುಗುಣವಾಗಿ ಸೆಕೆಂಡಿಗೆ ಚೌಕಟ್ಟುಗಳ ಸಂಖ್ಯೆಯನ್ನು ಏರಿಳಿಸುತ್ತಿರುವುದುಂಟು. ಸಣ್ಣ ಸಾಧನದಲ್ಲಿ ಇದರಿಂದ ಮಾತು ಮುಂದೆ, ತುಟಿ ಹಿಂದೆ ಆಗುತ್ತದೆ. ಸಂಖ್ಯೆಯನ್ನು ಸ್ಥಿರವಾಗಿ 15ಕ್ಕೆ ನಿಲ್ಲಿಸಿದರೆ ಈ ದೋಷ ತಪ್ಪುತ್ತದೆ. ಕತ್ತರಿಯ ಚಲನೆ ಚುರುಕಾಗಿದ್ದು ಸಾಧನ ತಾಳುವುದಾದರೆ 25 ಇನ್ನೂ ಒಳ್ಳೆಯದು. ಚಿತ್ರಕ್ಕೆ ಎಚ್.264 ಬೇಸ್‌ಲೈನಿನಲ್ಲಿ ಸೆಕೆಂಡಿಗೆ 300 ಕಿಲೋಬಿಟ್, ಏಕಧ್ವನಿಯ ಎಎಸಿಗೆ 64 ಕಿಲೋಬಿಟ್ ಕೊಟ್ಟರೆ, ಎರಡನ್ನೂ ಕೂಡಿ 600 ಸೆಕೆಂಡಿನಿಂದ ಗುಣಿಸಿ, ಎಂಟು ಬಿಟ್ಟಿಗೆ ಒಂದು ಬೈಟಾದ್ದರಿಂದ ಎಂಟರಿಂದ ಭಾಗಿಸಿದಾಗ 27 ಮೆಗಾಬೈಟಿನಷ್ಟು ಬರುತ್ತದೆ. ಈ ಗುಣಾಕಾರ ಭಾಗಾಕಾರವನ್ನು ತಿಳಿದವನಿಗೆ ಯಾವ ಚಿತ್ರ ಎಷ್ಟು ಜಾಗ ಹಿಡಿಯುವುದೆಂಬುದು ಪರಿವರ್ತನೆಗೆ ಮೊದಲೇ ಗೊತ್ತಾಗುತ್ತದೆ. ತಂತ್ರಾಂಶ ಯಾವುದೇ ಇರಲಿ ಲೆಕ್ಕ ಬದಲಾಗದು.

ತಂತ್ರಾಂಶಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಅವರು 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬುದು ಆಜ್ಞೆಗಳನ್ನು ಟೈಪು ಮಾಡಿ ನಡೆಸತಕ್ಕ ಸಾಧನ, ಹ್ಯಾಂಡ್‌ಬ್ರೇಕ್ ಎಂಬುದು ಗುಂಡಿಗಳನ್ನು ಒತ್ತಿ ನಡೆಸತಕ್ಕದ್ದು. ಎರಡೂ ಮುಕ್ತ, ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಪೇಟೆಯ ಚಿತ್ರಗಳನ್ನು ಪರರ ಹಕ್ಕು ಮೀರಿ ಹಂಚುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆ ಅಡ್ಡಿಯಾಗಿದೆ. ನಮ್ಮ ಮಾತೆಲ್ಲ ನಾವೇ ಚಿತ್ರಿಸಿದ, ಇಲ್ಲವೆ ಚಿತ್ರಿಸಿದವರು ಒಪ್ಪಿ ಕೊಟ್ಟ ವಿಡಿಯೊಗಳ ಕುರಿತದ್ದು.

ಇನ್ನೊಂದು ವಿಷಯದಲ್ಲಿ ಮಾತ್ರ ನನಗೆ ಸಂಕ್ಷೇಪವಾಗಿ ಹೇಳಿ ಮುಗಿಸುವ ಮನಸ್ಸಿಲ್ಲ. ಪರಿವರ್ತಿಸಿದ ಪ್ರತಿಯಿಂದ ಮತ್ತೊಂದು ಪ್ರತಿ ಮಾಡಕೂಡದು. ಒಂದು ಬಾರಿ ದುಂಡಗೆ ಮಾಡಿ ಸೊನ್ನೆಯಾದ ಅಂಕಿ ಮತ್ತೆ ಹುಟ್ಟಿಬರುವುದಿಲ್ಲ; ಎರಡನೆಯ ಪರಿವರ್ತನೆ, ಮೊದಲನೆಯದು ಉಂಟುಮಾಡಿದ ಚೌಕಗಳ ಅಂಚನ್ನೇ ಚಿತ್ರದ ಸೂಕ್ಷ್ಮಾಂಶವೆಂದು ತಿಳಿದು ಅದನ್ನು ಕಾಪಾಡಲು ಜಾಗ ವೆಚ್ಚ ಮಾಡುತ್ತದೆ; ಮೂರನೆಯದು ಇನ್ನೂ ಕೆಡಿಸುತ್ತದೆ. ಸಂದೇಶ ಕಳಿಸುವ ಆ್ಯಪ್ಪುಗಳಲ್ಲಿ ವಿಡಿಯೊ ಸಾಮಾನ್ಯವಾಗಿ ಸಂಕುಚಿತವಾಗಿಯೇ ಹೋಗುವುದರಿಂದ, ಇಳಿಸಿಕೊಂಡು ಮತ್ತೆ ಏರಿಸುತ್ತ ಗುಂಪಿನಿಂದ ಗುಂಪಿಗೆ ಸಾಗಿದ ಕೃಷಿಯ ವಿಡಿಯೊಗಳಲ್ಲಿ ರೋಗದ ಎಲೆ ಯಾವುದು, ಆರೋಗ್ಯದ ಎಲೆ ಯಾವುದು ಎಂದು ತಿಳಿಯದಂತಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಬೂಜು ರೋಗದ ಮೊದಲ ಲಕ್ಷಣ ಎಲೆಯ ಮೇಲೆ ಎಣ್ಣೆ ಬಿದ್ದಂತೆ ತೋರುವ ತೆಳುಹಳದಿಯ ಮಚ್ಚೆ. ಅಂಥ ಮಂದವಾದ ಛಾಯಾಭೇದವನ್ನು ಮೂರು ಬಾರಿ ಸಂಕುಚಿತವಾದ ವಿಡಿಯೊ ಅಳಿಸಿಬಿಡುತ್ತದೆ, ನೋಡಿದವನು ನಿಶ್ಚಿಂತನಾಗುತ್ತಾನೆ, ತೋಟ ಕೆಡುತ್ತದೆ. ಆದಕಾರಣ ನಿಫಾಡಿನಿಂದ ತಂದ ಆ 1,700 ಮೆಗಾಬೈಟಿನ ಮೂಲವನ್ನು, ಅದು ಎಷ್ಟೇ ಭಾರವಾಗಿದ್ದರೂ, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇರಿಸಿಕೊಂಡು, ಕೀಪ್ಯಾಡ್ ಫೋನಿಗೆ ಬೇಕಾದಾಗ ಅದರಿಂದಲೇ ಒಂದು, ಪಂಚಾಯಿತಿಯ ದೊಡ್ಡ ತೆರೆಗೆ ಬೇಕಾದಾಗ ಅದರಿಂದಲೇ ಇನ್ನೊಂದು, ಹೀಗೆ ಪ್ರತಿ ಸಲವೂ ಮೂಲದಿಂದಲೇ ಹೊರಡಬೇಕು.

ತೋಟದವರಿಗೆ ವಿಡಿಯೊ ತೋರಿಸುವ ಕೆಲಸ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ 2006ರ ವೇಳೆಗೆ ರಿಕಿನ್ ಗಾಂಧಿಯವರು ಆರಂಭಿಸಿದ ಡಿಜಿಟಲ್ ಗ್ರೀನ್ ಎಂಬ ಪ್ರಯತ್ನ, ಗ್ರೀನ್ ಫೌಂಡೇಷನ್ ಸಂಸ್ಥೆಯ ಸಹಯೋಗದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಬೇರೂರಿತು. ಅದರ ಹಿಂದಿನ ವಿಚಾರ ನನಗೆ ಅತ್ಯಂತ ಪ್ರಿಯವಾದದ್ದು: ವಿಡಿಯೊದಲ್ಲಿ ಕಾಣಿಸಿಕೊಳ್ಳುವವನು ಪರದೇಶದ ಪಂಡಿತನಾಗಿರದೆ ನೋಡುವವರಂಥವನೇ ಆದ ರೈತನಾಗಿರಬೇಕು, ಮತ್ತು ತೋರಿಸುವಾಗ ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ವಿವರಿಸಬೇಕು. ಮೊದಲು ಟಿವಿ ಮತ್ತು ಡಿವಿಡಿ ಯಂತ್ರಗಳಿಂದ ನಡೆದ ಈ ಪ್ರದರ್ಶನ, ಆಮೇಲೆ ಕೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರೊಜೆಕ್ಟರುಗಳಿಗೆ ಬಂತು. ವಿದ್ಯುತ್ತಿಲ್ಲದ ಸಂಜೆಯಲ್ಲಿಯೂ ಗೋಡೆಯೊಂದಿದ್ದರೆ ಸಾಕಾಗುವ ಆ ಸಾಧನಗಳಿಗೂ ತಮ್ಮ ತಮ್ಮ ಕೋಡೆಕ್ಕಿನ ಮಿತಿಯಿತ್ತಾದ್ದರಿಂದ, ಚಿತ್ರವನ್ನು ಸಾಧನಕ್ಕೆ ಹೊಂದಿಸುವ ಕೆಲಸ ಅಲ್ಲಿಯೂ ಬೋಧನೆಯ ಒಂದು ಅಂಗವೇ ಆಗಿತ್ತು.

ಉಳಿದಿರುವುದು ಭಾಷೆಯ ಪ್ರಶ್ನೆ. ನಿಫಾಡಿನ ತೋಟಗಾರನ ವಿವರಣೆ ಮರಾಠಿಯಲ್ಲಿದೆ. ಜತ್ತದ ಕಡೆಯವರಿಗೆ ಅದು ತಕ್ಕಮಟ್ಟಿಗೆ ತಿಳಿದೀತು, ಬಬಲೇಶ್ವರದ ಹೆಣ್ಣುಮಗಳಿಗೆ ತಿಳಿಯಲಾರದು. ತೆರೆಯ ಕೆಳಗೆ ಕನ್ನಡದ ಸಾಲುಗಳನ್ನು ಪ್ರತ್ಯೇಕ ಪಠ್ಯವಾಗಿ ಇಟ್ಟರೆ, ನಮ್ಮ ಲಿಪಿಯ ಒತ್ತಕ್ಷರಗಳನ್ನು ಜೋಡಿಸಬಲ್ಲ ವ್ಯವಸ್ಥೆ ಹಳೆಯ ಸಾಧನಗಳಲ್ಲಿ ಇಲ್ಲದಿರುವುದರಿಂದ, 'ಕತ್ತರಿಸಿ' ಎಂಬಲ್ಲಿಯ ತಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿದ್ದು, ಗುಡಿಸು ಒಂದು ಕಡೆ, ಅಕ್ಷರ ಒಂದು ಕಡೆಯಾಗಿ, ಕೆಲವು ಕಡೆ ಬರಿಯ ಚೌಕಗಳೇ ಮೂಡುತ್ತವೆ. ಅಕ್ಷರಗಳನ್ನು ಪರಿವರ್ತನೆಯ ಕಾಲದಲ್ಲಿ ಚಿತ್ರದ ಭಾಗವಾಗಿಯೇ ಅಚ್ಚೊತ್ತಿಬಿಟ್ಟರೆ ಈ ತೊಂದರೆಯಿಲ್ಲ. ಆದರೆ 240 ಚುಕ್ಕೆಯ ಎತ್ತರದಲ್ಲಿ ಓದಲು ಬರುವಷ್ಟು ದೊಡ್ಡ ಕನ್ನಡ ಅಕ್ಷರ ಒಂದು ಸಾಲಿಗೆ ಮೂರು ನಾಲ್ಕು ಪದಗಳಿಗಿಂತ ಹೆಚ್ಚು ಹಿಡಿಸದು, ಮತ್ತು ಆ ಸಾಲು ಕತ್ತರಿ ಹಿಡಿದ ಕೈಯನ್ನೇ ಮರೆಮಾಡುವ ಸಂಭವವುಂಟು. ಕೆಲಸ ಮಾಡುತ್ತಲೇ ಕೇಳಬೇಕಾದವರಿಗೂ ಓದು ಬಾರದವರಿಗೂ ಮಾತೇ ಮೇಲು. ಚಿತ್ರದ ಪ್ರವಾಹ ಧ್ವನಿಯ ಪ್ರವಾಹದಿಂದ ಬೇರೆಯಾಗಿರುವುದರ ಪ್ರಯೋಜನ ಇಲ್ಲಿ ಪೂರ್ಣವಾಗಿ ದೊರೆಯುತ್ತದೆ: ಊರಿನ ಅನುಭವಿಯೊಬ್ಬರು ಚಿತ್ರವನ್ನು ನೋಡುತ್ತ ತಮ್ಮ ಮಾತಿನಲ್ಲಿ, ಕಡ್ಡಿ, ಕಣ್ಣು, ಚಾಟ್ನಿ ಎಂದು ತೋಟದಲ್ಲಿ ಆಡುವ ಶಬ್ದಗಳಲ್ಲಿಯೇ ವಿವರಿಸಿದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು, ಸಿದ್ಧವಾದ 27 ಮೆಗಾಬೈಟಿನ ಫೈಲಿನಲ್ಲಿ ಚಿತ್ರವನ್ನು ಮುಟ್ಟದೆ ಮರಾಠಿ ಧ್ವನಿಯ ಸ್ಥಾನದಲ್ಲಿ ಇದನ್ನು ಕೂಡಿಸಿದರೆ, ಮತ್ತೊಂದು ಪರಿವರ್ತನೆಯ ನಷ್ಟವಿಲ್ಲದೆ ಕನ್ನಡದ ವಿಡಿಯೊ ಒದಗುತ್ತದೆ. ಎರಡು ಧ್ವನಿಗಳನ್ನೂ ಒಂದೇ ಫೈಲಿನಲ್ಲಿ ಇಡಬಹುದಾದರೂ ಸಣ್ಣ ಸಾಧನಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನುಡಿಸುವುದರಿಂದ, ಕನ್ನಡಕ್ಕೊಂದು, ಜತ್ತದವರಲ್ಲಿ ಬೇಕೆಂದವರಿಗೆ ಮರಾಠಿಗೊಂದು ಎಂದು ಎರಡು ಫೈಲುಗಳನ್ನೇ ಮಾಡುವುದು ಲೇಸು. ಫೈಲಿನ ಹೆಸರನ್ನು ಚಿಕ್ಕದಾಗಿ, ಅಂಕಿಗಳಲ್ಲಿಯೇ ಇಡುವುದು ಉತ್ತಮ. ಕನ್ನಡದ ಹೆಸರು ಆ ತೆರೆಗಳಲ್ಲಿ ಓದುವಂತೆ ಮೂಡುವ ಭರವಸೆಯಿಲ್ಲ. ಕಾರ್ಡುಗಳನ್ನು ಹಂಚುವ ಮುನ್ನ ಒಂದು ನಿಮಿಷದ ತುಣುಕನ್ನು ಕೂಲಿಯವರದೇ ಒಂದು ಫೋನಿನಲ್ಲಿ, ಮನೆಯ ನೆರಳಿನಲ್ಲಲ್ಲದೆ ಬಳ್ಳಿಯ ಸಾಲಿನ ಬಿಸಿಲಿನಲ್ಲಿ, ಓಡಿಸಿ ನೋಡಬೇಕು. ಕಣ್ಣು ಕಾಣದಿದ್ದರೆ ಕಿಟಕಿಯನ್ನು ಇನ್ನಷ್ಟು ಕಿರಿದು ಮಾಡಿ, ಬೆಳಕನ್ನು ಸ್ವಲ್ಪ ಏರಿಸಿ, ಮೂಲದಿಂದ ಮತ್ತೊಮ್ಮೆ ಪರಿವರ್ತಿಸಬೇಕು. ಈ ಕೆಲಸಕ್ಕೆಲ್ಲ ಕಾಲ ಹಿಡಿಯುವುದರಿಂದ ಸೆಪ್ಟೆಂಬರ್ ಮುಗಿಯುವುದರೊಳಗಾಗಿ ಕಾರ್ಡುಗಳು ಸಿದ್ಧವಾಗಿರುವುದು ಅಗತ್ಯ.